ಬಿಸಿಲಿನಲ್ಲಿ ಸೈಕಲ್ ಸವಾರರ ಉಡುಪು

ರಾಯಚೂರು, ಕಲಬುರಗಿಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವುದುಂಟು. ಅಂಥ ಬಿಸಿಲಿನಲ್ಲಿ ಸೈಕಲ್ ತುಳಿಯುವವರ ಉಡುಪು ಎರಡು ಕಾರ್ಯಗಳನ್ನು ನೆರವೇರಿಸಬೇಕು: ಅತಿನೇರಳೆ ಕಿರಣಗಳನ್ನು ತಡೆಯಬೇಕು, ಬೆವರು ಆರಲು ಅವಕಾಶ ಕೊಡಬೇಕು. ಮೊದಲನೆಯದು ತಪ್ಪಿದರೆ ಚರ್ಮಕ್ಕೆ ಹಾನಿ. ಎರಡನೆಯದು ತಪ್ಪಿದರೆ ದೇಹದ ಕಾವು ಅಪಾಯದ ಮಟ್ಟಕ್ಕೆ ಏರೀತು.

ತೆಳುವಾದ ಬಿಳಿಯ ಹತ್ತಿಯ ಅಂಗಿಯೇ ಬಿಸಿಲಿಗೆ ಉತ್ತಮವೆಂಬುದು ವಾಡಿಕೆಯ ನಂಬಿಕೆ. ಶಾಖದ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ಕಿರಣಗಳ ಮಟ್ಟಿಗೆ ಇಲ್ಲ. ಬಟ್ಟೆಯ ರಕ್ಷಣಶಕ್ತಿಯನ್ನು ಅಳೆಯುವ ಕ್ರಮವೊಂದನ್ನು ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳು 1996ರಲ್ಲಿ ಪ್ರಮಾಣೀಕರಿಸಿದುವು. ಆ ಅಳತೆಗೆ ಯು.ಪಿ.ಎಫ್. ಎಂದು ಹೆಸರು. ಅದರ ಅಂಕ 50 ಎಂದರೆ, ಐವತ್ತರಲ್ಲೊಂದು ಪಾಲು ಕಿರಣಗಳು ಮಾತ್ರ ಬಟ್ಟೆಯನ್ನು ದಾಟುತ್ತವೆ. ತೆಳುವಾದ ಬಿಳಿಯ ಹತ್ತಿಬಟ್ಟೆಯ ಅಂಕ ಅನೇಕ ವೇಳೆ 10ನ್ನೂ ಮುಟ್ಟದು. ಬೆವರಿನಿಂದ ನೆನೆದಾಗ ಇನ್ನೂ ಇಳಿಯುತ್ತದೆ.

ಇದಕ್ಕೆ ಮುಖ್ಯ ಕಾರಣವೆಂದರೆ, ಕಿರಣಗಳು ನೂಲುಗಳ ನಡುವಣ ರಂಧ್ರಗಳಲ್ಲಿ ನುಸುಳುವುದು. ಸವಾರರು ಹ್ಯಾಂಡಲಿನ ಕಡೆಗೆ ಬಾಗಿದಾಗ ಬಿಗಿಯಾದ ಅಂಗಿ ಬೆನ್ನು, ಹೆಗಲುಗಳ ಮೇಲೆ ಹಿಗ್ಗಿ, ಆ ರಂಧ್ರಗಳು ಅಗಲವಾಗುತ್ತವೆ. ಬಿಸಿಲು ಹೆಚ್ಚಾಗಿ ಬೀಳುವುದೂ ಅಲ್ಲಿಯೇ. ಪಾಲಿಯೆಸ್ಟರ್ ನೂಲಾದರೋ ಅತಿನೇರಳೆ ಕಿರಣಗಳನ್ನು ಹತ್ತಿಗಿಂತ ಚೆನ್ನಾಗಿ ಹೀರುತ್ತದೆ, ಬೇಗ ಆರುತ್ತದೆ.

ಆದುದರಿಂದ ಒತ್ತಾದ ನೆಯ್ಗೆಯ, ಹಗುರವಾದ, ಸಡಿಲ ಹೊಲಿಗೆಯ, ಕತ್ತುಪಟ್ಟಿಯುಳ್ಳ ತುಂಬುತೋಳಿನ ಅಂಗಿಯನ್ನು ನಾವು ಸೂಚಿಸುತ್ತೇವೆ. ಸಡಿಲವಾದುದರಿಂದ ಒಳಗೆ ಗಾಳಿಯಾಡಿ ಬೆವರು ಆರುತ್ತದೆ. ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ತುಸು ಎಳೆದು ನೋಡಬೇಕು. ಬೆಳಕು ಚುಕ್ಕೆಚುಕ್ಕೆಯಾಗಿ ತೂರಿಬಂದರೆ, ಅತಿನೇರಳೆ ಕಿರಣಗಳಿಗೂ ಅದೇ ದಾರಿಯೆಂದು ತಿಳಿಯಬಹುದು.