ಮನಸ್ಸಿನ ಕಾಯಿಲೆಯ ಮಾತ್ರೆಗಳು: ಜೊತೆಗಿರುವವರು ತಿಳಿದಿರಬೇಕಾದ ಸಂಗತಿಗಳು



ಊರಿನಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಬಂದರೆ ಮೊದಲು ಧೈರ್ಯ ಹೇಳುವವರು ನೆರೆಹೊರೆಯವರು, ಶಾಲಾ ಮಾಸ್ತರರು, ಆಶಾ ಕಾರ್ಯಕರ್ತೆಯರು. ಇದು ಬಹಳ ಉಪಕಾರದ ಕೆಲಸ. ಆದರೆ ಮಾತ್ರೆಯನ್ನು ಬದಲಿಸುವುದಾಗಲಿ ನಿಲ್ಲಿಸುವುದಾಗಲಿ ವೈದ್ಯರಿಗೆ ಸೇರಿದ್ದು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕಮಲಾಪುರದ ಕಡೆಯ ತರುಣ ರೈತನೊಬ್ಬ ಚಿಕಿತ್ಸೆಯಿಂದ ಚೇತರಿಸಿಕೊಂಡು ತೊಗರಿ ಬಿತ್ತನೆ ಮುಗಿಸಿದ್ದ. "ಗುಣವಾಯಿತಲ್ಲ, ಇನ್ನೇಕೆ ಮಾತ್ರೆ?" ಎಂದುಬಿಟ್ಟೆ. ಆತ ನಿಲ್ಲಿಸಿದ. ರಾಶಿಯ ಹೊತ್ತಿಗೆ ನಿದ್ದೆ ಹೋಯಿತು, ಯಾರೋ ಕೊಲ್ಲಲು ಬರುತ್ತಾರೆಂಬ ಭಯ ಹತ್ತಿತು. ತೊಗರಿ ಹೊಲದಲ್ಲೇ ಉದುರಿತು. ಮತ್ತೆ ಚಿಕಿತ್ಸೆ ಕೊಡಿಸಿದ ಮೇಲೆ ಈಗ ಚೆನ್ನಾಗಿದ್ದಾನೆ. ಇಂಥ ನಷ್ಟ ಇನ್ನೊಬ್ಬರಿಗೆ ಆಗದಿರಲೆಂದು ಇದನ್ನು ಬರೆದಿದ್ದೇನೆ.

1. ಖಿನ್ನತೆಯ ಮಾತ್ರೆ (ಫ್ಲೂಕ್ಸೆಟಿನ್, ಎಸ್ಸಿಟಲೋಪ್ರಾಮ್): ಗುಣ ಕಾಣಲು 2ರಿಂದ 4 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಗುಣ ಕಂಡ ಮೇಲೂ ಸಾಮಾನ್ಯವಾಗಿ 6 ತಿಂಗಳಿಗೆ ಕಡಿಮೆಯಿಲ್ಲದೆ ಮುಂದುವರಿಸಬೇಕು. ಮೊದಲ ವಾರಗಳಲ್ಲಿ, ವಿಶೇಷವಾಗಿ ಹರೆಯದವರಲ್ಲಿ, ಚಡಪಡಿಕೆಯೋ ಸಾಯುವ ಮಾತೋ ಕಂಡರೆ ಒಂಟಿಯಾಗಿ ಬಿಡಬೇಡಿ. ಕೂಡಲೇ ವೈದ್ಯರಿಗೆ ತಿಳಿಸಿ. ಬೆಳೆಗೆ ಹೊಡೆಯುವ ಔಷಧವನ್ನು ಬೀಗದೊಳಗಿಡಿ.

2. ಭ್ರಮೆಯ ಕಾಯಿಲೆಯ ಮಾತ್ರೆ (ರಿಸ್ಪೆರಿಡೋನ್, ಒಲಾಂಜಪಿನ್): ಇಲ್ಲದ ದನಿ ಕೇಳಿಸುವುದು, ಕಾರಣವಿಲ್ಲದ ಸಂಶಯ ಇವುಗಳಿಗೆ ಕೊಡುತ್ತಾರೆ. ಕೈ ನಡುಕ, ಮೈ ಬಿಗಿತ, ಮಂಪರು, ತೂಕ ಏರುವುದು ಉಂಟು. ವೈದ್ಯರಿಗೆ ಹೇಳಿದರೆ ಪ್ರಮಾಣ ಸರಿಪಡಿಸುತ್ತಾರೆ. ಜೋರು ಜ್ವರದೊಡನೆ ಮೈ ಸೆಟೆದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

3. ಲಿಥಿಯಂ: ಅತಿ ಉತ್ಸಾಹ ಮತ್ತು ಅತಿ ದುಃಖ ಸರದಿಯಂತೆ ಬರುವ ಕಾಯಿಲೆಗೆ ಇದರ ಉಪಯೋಗವನ್ನು 1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ತೋರಿಸಿಕೊಟ್ಟರು. ರಕ್ತದಲ್ಲಿ ಪ್ರಮಾಣ ತುಸು ಏರಿದರೂ ಇದು ವಿಷ. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಬೆವರು ಹರಿದು ನೀರು ಕಡಿಮೆಯಾದಾಗ, ವಾಂತಿಭೇದಿಯಾದಾಗ ಪ್ರಮಾಣ ಏರುತ್ತದೆ. ಹೊಲಕ್ಕೆ ಹೋಗುವಾಗ ನೀರು ಒಯ್ಯಬೇಕು. ಉಪ್ಪನ್ನು ಒಮ್ಮೆಲೇ ಬಿಡಬಾರದು. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫಿನಾಕ್ ತಾವಾಗಿ ನುಂಗಬಾರದು. ಕೈ ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ನಡಿಗೆ ತಪ್ಪುವುದು ಅಪಾಯದ ಗುರುತು. ಹೇಳಿದ ದಿನ ರಕ್ತ ಪರೀಕ್ಷೆ ತಪ್ಪಿಸಬಾರದು.

4. ಆತಂಕ, ನಿದ್ದೆಯ ಮಾತ್ರೆ (ಅಲ್ಪ್ರಜೋಲಾಮ್, ಡಯಾಜೆಪಾಮ್): ಇವು ಚಟವಾಗಬಲ್ಲವು. ಸೆರೆಯ ಜೊತೆ ಸೇರಿದರೆ ಉಸಿರಿಗೇ ಕುತ್ತು. ಬಹುದಿನ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು.

ಹಾಗಾದರೆ ನಾವು ಮಾಡಬೇಕಾದುದೇನು? ಚೀಟಿಯನ್ನು ಜೋಪಾನ ಮಾಡಿಸಿ. ಮಾತ್ರೆ ಎಷ್ಟು ಉಳಿದಿದೆ ಎಂದು ವಾರಕ್ಕೊಮ್ಮೆ ವಿಚಾರಿಸಿ. ಮುಗಿಯುವ ಮೊದಲೇ ಬಸ್ಸು ಹತ್ತಿಸಿ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಯಾರಾದರೂ "ಗುಣವಾಯಿತು, ಮಾತ್ರೆ ಬಿಡಲೇ?" ಎಂದು ಕೇಳಿದರೆ ನಿಮ್ಮ ಉತ್ತರ ಒಂದೇ ಇರಲಿ: "ನಡೆ, ಡಾಕ್ಟರರನ್ನೇ ಕೇಳೋಣ, ನಾನೂ ಬರುತ್ತೇನೆ."