ಹುಲಿಯ ಲೆಕ್ಕ, ಆನೆಯ ಲೆಕ್ಕ, ನೆಲ್ಲಿಯ ಲೆಕ್ಕ

ಬಂಡೀಪುರದಲ್ಲಿ 150 ಹುಲಿಗಳಿವೆ ಎಂದು 2022ರ ರಾಷ್ಟ್ರೀಯ ಹುಲಿ ಗಣತಿಯ ವರದಿ ಹೇಳಿದಾಗ ಗುಂಡ್ಲುಪೇಟೆಯ ಟೀ ಅಂಗಡಿಗಳಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ‘ಅದ್ಯಾರು ಎಣಿಸ್ಕೊಂಡು ಬಂದ್ರು?’ ನ್ಯಾಯವಾದ ಪ್ರಶ್ನೆ. ಒಂದೊಂದೇ ಹುಲಿಯನ್ನು ನಿಲ್ಲಿಸಿ ಯಾರೂ ಎಣಿಸಿಲ್ಲ. ಆ ಸಂಖ್ಯೆ ಹೊರಟದ್ದು ಒಂದು ಗಣಿತ ಮಾದರಿಯಿಂದ. ಬೆಳೆಯನ್ನೂ ದನಗಳನ್ನೂ ಕಾಡಂಚಿನಲ್ಲಿ ಕಾಯ್ದುಕೊಂಡು ಬದುಕುವ ತಾಲ್ಲೂಕಿನಲ್ಲಿ ಆ ಮಾದರಿ ಏನೆಂದು ತಿಳಿಯುವ ಹಕ್ಕು ಎಲ್ಲರಿಗೂ ಇದೆ ಎಂಬುದು ನನ್ನ ನಂಬಿಕೆ.

ನಾನು ಪದವಿ ತರಗತಿಗೆ ಗಣಿತ ಹೇಳಿಕೊಡುವವಳು. ಶನಿವಾರ ಮಧ್ಯಾಹ್ನ ನಾವೊಂದಷ್ಟು ಜನ ಸೇರಿ ಜರ್ನಲ್ ಕ್ಲಬ್ ನಡೆಸುತ್ತೇವೆ. ಚಾಮರಾಜನಗರದ ಹುಡುಗ ಹುಡುಗಿಯರು ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಬರುತ್ತಾರೆ. ಕ್ರಮ ಸರಳ. ಪ್ರಕಟವಾದ ಒಂದು ಸಂಶೋಧನಾ ಲೇಖನವನ್ನು ಒಬ್ಬರು ಓದಿಕೊಂಡು ಬಂದು ಕನ್ನಡದಲ್ಲಿ ವಿವರಿಸಬೇಕು, ಉಳಿದವರು ಪ್ರಶ್ನಿಸಬೇಕು. ಮೊದಲ ಪ್ರಶ್ನೆ ಪ್ರತಿಬಾರಿಯೂ ಅದೇ: ಇವರು ಏನೇನನ್ನು ‘ಹೀಗೆ’ ಅಂತ ಅಂದುಕೊಂಡು ಲೆಕ್ಕ ಶುರುಮಾಡಿದ್ದಾರೆ?

ಹುಲಿಯಿಂದಲೇ ಆರಂಭಿಸಿದೆವು. ಹಿಂದೆ ಹೆಜ್ಜೆಗುರುತು ನೋಡಿ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಥರ, ಧೂಳಿನಲ್ಲಿ ಇನ್ನೊಂದು ಥರ ಮೂಡುವುದರಿಂದ ಆ ಲೆಕ್ಕ ನಿಲ್ಲಲಿಲ್ಲ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಪಕ್ಕದ ನಾಗರಹೊಳೆಯಲ್ಲಿ ಕ್ಯಾಮೆರಾಗಳನ್ನಿಟ್ಟು ಬೇರೆ ದಾರಿ ಹಿಡಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲವಾದ್ದರಿಂದ ಫೋಟೋದಲ್ಲೇ ಗುರುತು ಹಿಡಿಯಬಹುದು. ಕಾರಂತರು ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಂದು ತಿಳಿದಾಗ ನಮ್ಮ ಹುಡುಗರ ಮುಖ ಅರಳಿತು.

ಲೆಕ್ಕ ಹೀಗೆ. ಮೊದಲ ಸುತ್ತಿನಲ್ಲಿ 20 ಬೇರೆ ಬೇರೆ ಹುಲಿಗಳು ಫೋಟೋಗೆ ಸಿಕ್ಕವು ಎನ್ನಿ. ಎರಡನೇ ಸುತ್ತಿನಲ್ಲಿ 15 ಸಿಕ್ಕವು, ಅವುಗಳಲ್ಲಿ 10 ಹಳೆಯವೇ. ಅಂದರೆ ಎರಡನೇ ಸಲ ಕಂಡವುಗಳಲ್ಲಿ ಮೂರರಲ್ಲಿ ಎರಡು ಪಾಲು ಪರಿಚಿತ. ಇಡೀ ಕಾಡಿನಲ್ಲೂ ಅದೇ ಪ್ರಮಾಣವಿದ್ದರೆ, ಮೊದಲು ಕಂಡ 20 ಎಂಬುದು ಒಟ್ಟು ಹುಲಿಗಳ ಮೂರರಲ್ಲಿ ಎರಡು ಪಾಲು. ಒಟ್ಟು 30. ಕ್ಯಾಮೆರಾಗೆ ಒಮ್ಮೆಯೂ ಬೀಳದ ಐದು ಹುಲಿಗಳನ್ನು ಲೆಕ್ಕ ಹಿಡಿದುಬಿಟ್ಟಿತು. ಈ ಕ್ಷಣದಲ್ಲಿ ಪ್ರತಿಬಾರಿಯೂ ನನಗೆ ಗಣಿತದ ಮೇಲೆ ಹೊಸದಾಗಿ ಪ್ರೀತಿ ಹುಟ್ಟುತ್ತದೆ.

ಒಂದು ಡಬರಿ ಹುರುಳಿಕಾಳಿನಲ್ಲಿ ಇದನ್ನೇ ಮಾಡಿ ನೋಡಿದೆವು. ಒಂದು ಹಿಡಿ ತೆಗೆದು ಇಂಕು ಹಚ್ಚಿ ಮತ್ತೆ ಹಾಕಿ, ಕಲೆಸಿ, ಇನ್ನೊಂದು ಹಿಡಿ ತೆಗೆಯುವುದು. ಸರಿಯಾಗಿ ಕಲೆಸಿದವರ ಉತ್ತರ ನಿಜಕ್ಕೆ ಹತ್ತಿರ ಬಂತು. ಕಲೆಸದವರಿಗೆ ಇಂಕಿನ ಕಾಳುಗಳೇ ಮೇಲುಮೇಲೆ ಸಿಕ್ಕಿ, ಒಟ್ಟು ಕಾಳು ಇರುವುದಕ್ಕಿಂತ ತೀರಾ ಕಡಿಮೆ ಎಂದು ಬಂತು. ಹಂಗಳ ಕಡೆಯ ಒಬ್ಬ ಹುಡುಗ ತಕ್ಷಣ ಕೇಳಿದ: ‘ಹಂಗಾದ್ರೆ ದಾರೀಲಿ ಓಡಾಡೋ ಹುಲಿನೇ ಪದೇ ಪದೇ ಸಿಕ್ಕಿ, ಪೊದೇಲಿರೋದು ಸಿಗದಿದ್ರೆ?’ ಕಾರಂತ ಮತ್ತು ಅಮೆರಿಕದ ಜೇಮ್ಸ್ ನಿಕೋಲ್ಸ್ 1998ರ ತಮ್ಮ ಲೇಖನದಲ್ಲಿ ಎದುರಿಸಿದ ಪ್ರಶ್ನೆಗಳಲ್ಲಿ ಇದೂ ಒಂದು. ಎಲ್ಲ ಹುಲಿಗಳೂ ಸಮಾನವಾಗಿ ಸಿಗುತ್ತವೆ ಎಂಬ ಊಹೆಯನ್ನು ಕೈಬಿಟ್ಟು ಲೆಕ್ಕ ಹಾಕುವ ಮಾದರಿಗಳಿವೆ. ಪ್ರತಿ ಕ್ಯಾಮೆರಾ ಎಲ್ಲಿತ್ತು, ಪ್ರತಿ ಹುಲಿಯ ಓಡಾಟದ ನಡುಜಾಗ ಅದಕ್ಕೆ ಎಷ್ಟು ದೂರ ಎಂಬುದನ್ನೂ ಈಗಿನ ಮಾದರಿಗಳು ಸೇರಿಸಿಕೊಳ್ಳುತ್ತವೆ.

ಆನೆಯ ವಿಚಾರ ಬಂದಾಗ ಮಾತ್ರ ನಾನು ಸುಮ್ಮನೆ ಕೂತು ಕೇಳಬೇಕಾಯಿತು, ಏಕೆಂದರೆ ಅರ್ಧ ಜನ ರಾಗಿ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಾವಲು ಕಾದವರು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಅಧ್ಯಯನ ಮಾಡಿದ್ದು ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲೇ. ವಯಸ್ಕ ಗಂಡಾನೆ ವರ್ಷಕ್ಕೆ ಸರಾಸರಿ 49 ರಾತ್ರಿ ಹೊಲಕ್ಕೆ ನುಗ್ಗಿದರೆ, ಹೆಣ್ಣಾನೆಗಳ ಕುಟುಂಬ ನುಗ್ಗುವುದು 8 ರಾತ್ರಿ ಎಂದು ಅವರು ಕಂಡುಕೊಂಡರು. ಕಾಡಿನ ಹುಲ್ಲಿಗಿಂತ ಬೆಳೆಯಲ್ಲಿ ಪೌಷ್ಟಿಕಾಂಶ ಹೆಚ್ಚು. ಮೈ ಬಲಿತು ಗೆದ್ದ ಸಲಗ ಹಲವು ಮರಿಗಳಿಗೆ ತಂದೆಯಾಗಬಲ್ಲದು, ಹಾಗಾಗಿ ಗುಂಡು, ಪಟಾಕಿಗಳ ಅಪಾಯಕ್ಕೆ ಒಡ್ಡಿಕೊಂಡರೂ ಅದಕ್ಕೆ ಲಾಭವಿದೆ. ಮರಿ ಕಟ್ಟಿಕೊಂಡ ಹೆಣ್ಣಾನೆಗೆ ಅಷ್ಟು ಲಾಭವಿಲ್ಲ. ‘ಒಂಟಿ ಸಲಗ ಬಂದ್ರೆ ತಮಟೆಗೂ ಜಗ್ಗಲ್ಲ, ಹಿಂಡಾದ್ರೆ ತಿರುಗ್ತದೆ’ ಎಂದು ಊರಲ್ಲಿ ಎಲ್ಲರೂ ಹೇಳುವ ಮಾತು ಇಲ್ಲಿ ಸಿದ್ಧಾಂತವಾಗಿ ನಿಂತಿತ್ತು.

ಸುಕುಮಾರ್ ಆನೆಗಳ ಸಂಖ್ಯೆಯ ಏರಿಳಿತಕ್ಕೂ ಮಾದರಿ ಕಟ್ಟಿದರು. ಅದರ ಹಿಂದಿನ ಗಣಿತವನ್ನು 1945ರಲ್ಲಿ ಇಂಗ್ಲೆಂಡಿನ ಪಿ.ಎಚ್. ಲೆಸ್ಲಿ ಕೊಟ್ಟಿದ್ದು: ಪ್ರತಿ ವಯಸ್ಸಿನ ಹೆಣ್ಣು ಎಷ್ಟು ಹೆರುತ್ತದೆ, ಎಷ್ಟು ಉಳಿದು ಮುಂದಿನ ವಯಸ್ಸಿಗೆ ಹೋಗುತ್ತವೆ ಎಂಬುದನ್ನು ಮ್ಯಾಟ್ರಿಕ್ಸ್‌ನಲ್ಲಿ ಬರೆದು ವರ್ಷ ವರ್ಷ ಗುಣಿಸುತ್ತಾ ಹೋಗುವುದು. ನಾಲ್ಕೈದು ವರ್ಷಕ್ಕೊಂದು ಮರಿ ಹಾಕುವ ಪ್ರಾಣಿಯಲ್ಲಿ ಹೆಣ್ಣುಗಳ ಸಾವು ಸ್ವಲ್ಪ ಏರಿದರೂ ಇಡೀ ಸಂತತಿ ಕೆಳಗಿಳಿಯತೊಡಗುತ್ತದೆ. ಬಿ.ಎಸ್‌ಸಿ.ಯಲ್ಲಿ ಮ್ಯಾಟ್ರಿಕ್ಸನ್ನು ಪರೀಕ್ಷೆಗೆಂದು ಉರುಹೊಡೆದವರು ಅವತ್ತು ಕಂಪ್ಯೂಟರಿನಲ್ಲಿ ಸಂಖ್ಯೆ ಬದಲಿಸಿ ಬದಲಿಸಿ ನೋಡುತ್ತಾ ಕೊನೆಯ ಬಸ್ಸಿನ ಹೊತ್ತಿನವರೆಗೂ ಏಳಲಿಲ್ಲ.

ಈಗ ಓದುತ್ತಿರುವುದು ಬಿಳಿಗಿರಿರಂಗನ ಬೆಟ್ಟದ ನೆಲ್ಲಿಮರಗಳ ಲೇಖನ. ಹವಾಯಿ ವಿಶ್ವವಿದ್ಯಾಲಯದ ತಮಾರಾ ಟಿಕ್ಟಿನ್ ಮತ್ತು ಬೆಂಗಳೂರಿನ ಏಟ್ರಿ ಸಂಶೋಧನಾ ಸಂಸ್ಥೆಯ ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ನೆಲ್ಲಿ ಕಡಿಮೆಯಾಗುತ್ತಿದೆ ಎಂದಾಗ ಬೆರಳು ಮೊದಲು ತಿರುಗುವುದು ಕಾಯಿ ಕೀಳುವ, ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಕಡೆಗೆ. ಆದರೆ ಲಂಟಾನ ಕಳೆ ಇದೆ, ಬೆಂಕಿ ಇದೆ, ಕೊಂಬೆಗೆ ಅಂಟಿ ರಸ ಹೀರುವ ಬಂದಳಿಕೆ ಇದೆ. ಇವೆಲ್ಲ ಒಟ್ಟಿಗೆ ನಡೆಯುವಾಗ ಯಾವುದರ ಪಾಲು ಎಷ್ಟೆಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಒಂದೊಂದನ್ನೂ ಬೇರ್ಪಡಿಸಿ ತೂಗುವುದಕ್ಕೇ ಆ ಲೇಖನದ ಮಾದರಿ ಹುಟ್ಟಿದ್ದು. ಬಂದಳಿಕೆಗೆ ಸೋಲಿಗರು ಉಪ್ಪಿಲು ಎನ್ನುತ್ತಾರೆ. ಬೇಸಿಗೆ ಬಲಿಯುವ ಮೊದಲೇ ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆ ಉಪ್ಪಿಲು ಹೆಚ್ಚಿತು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಸೋಲಿಗರ ಪೋಡಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಮುಂದಿನ ವಾರ ಈ ಲೇಖನ ಮಂಡಿಸುತ್ತಾಳೆ. ಬೆಂಕಿ ಎಂದು ಲೇಖಕರು ಬರೆದಿರುವುದು ತರಗು ಬೆಂಕಿಯನ್ನೋ ಕಡುಬೇಸಿಗೆಯ ಕಾಳ್ಗಿಚ್ಚನ್ನೋ ಎಂದು ಅವಳು ಈಗಾಗಲೇ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡಿದ್ದಾಳೆ, ಅದಕ್ಕೆ ಉತ್ತರ ಹುಡುಕಲು ಅಜ್ಜನನ್ನೂ ಕರೆತರುತ್ತಾಳಂತೆ.