ಹೂಪಾತಿಯ ಕೆಳಗೊಂದು ಸುರಂಗ

ಎಂಜಿನ್ ಮೊಣಕಾಲಿಗಿಂತ ತುಸು ಎತ್ತರ, ಅಷ್ಟೇ. ಅದರ ಹಿಂದೆ ಕಲ್ಲಿದ್ದಲಿನ ಟೆಂಡರ್. ಆ ಟೆಂಡರ್ ಮೇಲೆ ಕಾಲು ಮಡಚಿ, ಮೊಣಕಾಲನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು ಕೂತವರು ವಾಲ್ಟ್ ಡಿಸ್ನಿ. ಲಾಸ್ ಏಂಜಲೀಸ್‌ನ ಹೋಂಬಿ ಹಿಲ್ಸ್‌ನಲ್ಲಿ ಅವರ ಹೊಸ ಮನೆ. 1950ರ ಮೇ ತಿಂಗಳಿಂದ ಅದರ ಹಿತ್ತಿಲಲ್ಲಿ ಹಬೆಯ ರೈಲು ಓಡುತ್ತಿದೆ. ಸೀಟಿ ಕೂಗುತ್ತದೆ. ಗೂಡ್ಸ್ ಡಬ್ಬಿಗಳ ಮೇಲೆ ಕುದುರೆ ಏರಿದವರಂತೆ ಕಾಲು ಇಳಿಬಿಟ್ಟು ಕೂತ ಅತಿಥಿಗಳು ತಿರುವಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ.

ಇದು ಕ್ಯಾರಲ್‌ವುಡ್ ಪೆಸಿಫಿಕ್ ರೈಲ್ವೆ. ಹತ್ತೊಂಬತ್ತನೇ ಶತಮಾನದ ಸೆಂಟ್ರಲ್ ಪೆಸಿಫಿಕ್ ಕಂಪನಿಯ 173ನೇ ನಂಬರಿನ ಎಂಜಿನ್ನನ್ನು ಎಂಟರಲ್ಲೊಂದು ಪಾಲಿಗೆ ಇಳಿಸಿ, ಸ್ಟುಡಿಯೋದ ವರ್ಕ್‌ಶಾಪಿನಲ್ಲಿ ರೋಜರ್ ಬ್ರಾಗಿ ಮತ್ತು ಸಂಗಡಿಗರು ಕಟ್ಟಿಕೊಟ್ಟರು. ಹಳಿಯ ಅಗಲ 7¼ ಇಂಚು, ಉದ್ದ 2,615 ಅಡಿ. ಎಂಜಿನ್ನಿಗೆ ಡಿಸ್ನಿಯವರ ಹೆಂಡತಿ ಲಿಲ್ಲಿಯನ್ ಹೆಸರು: ಲಿಲ್ಲಿ ಬೆಲ್.

ಹೆಸರಿಟ್ಟ ಮಾತ್ರಕ್ಕೆ ಲಿಲ್ಲಿಯನ್ ತಮ್ಮ ತೋಟವನ್ನು ಬಿಟ್ಟುಕೊಡುವವರಲ್ಲ. ಹಿತ್ತಿಲಲ್ಲಿ ಹಳಿ ಹಾಯಿಸುವ ಹಕ್ಕಿಗಾಗಿ ಡಿಸ್ನಿ ವಕೀಲರ ಕೈಲಿ ಕರಾರುಪತ್ರವನ್ನೇ ಬರೆಸಿ, ಹೆಂಡತಿ, ಮಕ್ಕಳ ಸಹಿ ಹಾಕಿಸಿಕೊಂಡರು. ಅರ್ಧ ತಮಾಷೆ, ಅರ್ಧ ಮುನ್ನೆಚ್ಚರಿಕೆ. ಹಾಗಿದ್ದೂ ಹೂಪಾತಿಯನ್ನು ಸೀಳುವಂತಿರಲಿಲ್ಲ. ಹಳಿ ಅದರ ಅಡಿಗೆ ಇಳಿಯಿತು. ತೊಂಬತ್ತು ಅಡಿಯ ಸುರಂಗ, ಅದೂ ನೇರವಲ್ಲ. ಒಳಹೊಕ್ಕವರಿಗೆ ಆ ಕಡೆಯ ಬೆಳಕು ಕಾಣಬಾರದೆಂದು ಎರಡು ಸಲ ಹೊರಳಿಸಿದ ದಾರಿ. ನೇರ ತೋಡಿದರೆ ಖರ್ಚು ಕಡಿಮೆ ಎಂದ ಮೇಸ್ತ್ರಿಗೆ, ತೋಡದೇ ಇದ್ದರೆ ಇನ್ನೂ ಕಡಿಮೆ ಎಂದರಂತೆ ಡಿಸ್ನಿ. ಮೇಲೆ ಹೂವು, ಕೆಳಗೆ ಕತ್ತಲು, ಹೊಗೆ. ಇಡೀ ಹಿತ್ತಿಲಿನಲ್ಲಿ ನನಗೆ ಹೆಚ್ಚು ಹಿಡಿಸುವ ಜಾಗ ಇದೇ. ಮನೆಯೊಡತಿಯ ಹಟ ಇಲ್ಲದಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಸುರಂಗ ದಾಟಿದರೆ ಮರದ ಕಂಬಗಳ ಮೇಲೆ ನಿಂತ 46 ಅಡಿಯ ಸೇತುವೆ. ರೈಲಿನ ಕೊನೆಗೆ ಹಳದಿ ಬಣ್ಣದ ಗಾರ್ಡ್ ಬೋಗಿ. ಇದರ ಹೆಚ್ಚಿನ ಕೆಲಸ ಡಿಸ್ನಿ ತಾವೇ ಮಾಡಿದ್ದು. ಬಗ್ಗಿ ಇಣುಕಿದರೆ ಮಲಗುವ ಹಲಗೆ, ಕೈತೊಳೆಯುವ ತೊಟ್ಟಿ, ಬಟ್ಟೆಯಿಡುವ ಬೀರು, ಮೂಲೆಯಲ್ಲಿ ಅಂಗೈಗೆ ಹಿಡಿಸುವ ಹೊಟ್ಟೆಉಬ್ಬಿದ ಕಬ್ಬಿಣದ ಒಲೆ. ಯಾರೂ ಒಳಗೆ ಹೋಗಲಾಗದ ಡಬ್ಬಿಗೆ ಒಲೆ ಏಕೆಂದು ಕೇಳುವವರು ಈ ಹವ್ಯಾಸದ ಹತ್ತಿರ ಸುಳಿಯಬಾರದು. ಆ ಒಲೆ ಡಿಸ್ನಿಯವರಿಗೆ ಎಷ್ಟು ಹಿಡಿಸಿತೆಂದರೆ ಬೇರೆಬೇರೆ ಬಣ್ಣ ಬಳಿದು ಮತ್ತಷ್ಟು ಮಾಡಿದರು, ಕೆಲವನ್ನು ಮಾರಿದರು.

ಕಬ್ಬಿಣ, ಮರ, ಹಿತ್ತಾಳೆಯನ್ನು ಎಂಟನೇ ಒಂದಕ್ಕೆ ಇಳಿಸಬಹುದು. ಗಿಡಗಳು ಹಾಗೆ ಮಾತು ಕೇಳುವುದಿಲ್ಲ. ಮರವನ್ನು ಕತ್ತರಿಸಿ ಗಿಡ್ಡವಾಗಿಸಿದರೂ ಎಲೆ ತನ್ನ ಅಳತೆಯಲ್ಲೇ ಚಿಗುರುತ್ತದೆ. ಒಂದು ಅಗಲ ಎಲೆ ಪಕ್ಕದಲ್ಲಿದ್ದರೆ ಸಾಕು, ರೈಲು ಆಟಿಕೆಯಾಗಿಬಿಡುತ್ತದೆ. ಆದ್ದರಿಂದ ತೋಟದ ರೈಲು ಕಟ್ಟುವವರು ಮೊದಲು ಹುಡುಕುವುದು ಸಣ್ಣ ಎಲೆಯ ಗಿಡಗಳನ್ನು. ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ 45 ಮಿಲಿಮೀಟರ್ ಹಳಿಯ ಎಲ್‌ಜಿಬಿ ರೈಲು ತಂದ ಮೇಲೆ ಈ ಹುಡುಕಾಟ ಸಾಮಾನ್ಯರ ಹಿತ್ತಿಲಿಗೂ ಬಂತು. ಅಲ್ಲಿ ನೆಲಕ್ಕೆ ಹಬ್ಬುವ ಥೈಮ್ ಹುಲ್ಲುಗಾವಲಾಗುತ್ತದೆ, ಕುಳ್ಳ ಸ್ಪ್ರೂಸ್ ಕಾಡಾಗುತ್ತದೆ, ಸೋಸಿದ ಕಲ್ಲುಪುಡಿ ಜಲ್ಲಿಯಾಗುತ್ತದೆ. ಬಿಸಿಲಿಗೆ ಹಳಿ ಹಿಗ್ಗುವುದರಿಂದ ಕೀಲುಗಳಲ್ಲಿ ಸಂದು ಬಿಡಬೇಕು, ದೊಡ್ಡ ರೈಲಿನ ಹಾಗೆಯೇ. ಹೋಂಬಿ ಹಿಲ್ಸ್‌ನಲ್ಲಿ ಗಿಡ ನೆಟ್ಟವರು ಜ್ಯಾಕ್ ಮತ್ತು ಬಿಲ್ ಎವಾನ್ಸ್ ಸೋದರರು.

ಕುಗ್ಗದ ಇನ್ನೆರಡು ಸಂಗತಿಗಳಿದ್ದವು: ಮನುಷ್ಯ ಮತ್ತು ಹಬೆಯ ಬಿಸಿ. ಉದ್ದ, ಅಗಲ, ಎತ್ತರ ಮೂರೂ ಎಂಟನೇ ಒಂದಾದರೆ ತೂಕ, ಲೆಕ್ಕದ ಪ್ರಕಾರ, 512ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲೆ ಕೂತವರ ತೂಕ ಮಾತ್ರ ಇದ್ದಷ್ಟೇ. ಕಿರಿದಾದ ಹಳಿ, ಹಗುರ ಡಬ್ಬಿ, ಎತ್ತರದಲ್ಲಿ ಭಾರ. ತಿರುವಿನಲ್ಲಿ ವೇಗ ಸ್ವಲ್ಪ ಮಿತಿಮೀರಿದರೂ ವಾಲುತ್ತದೆ. 1953ರಲ್ಲಿ ಅತಿಥಿಯೊಬ್ಬರು ಓಡಿಸುತ್ತಿದ್ದಾಗ ಎಂಜಿನ್ ಹಳಿ ತಪ್ಪಿತು. ಮುರಿದ ಸೀಟಿಯ ಜಾಗದಿಂದ ಚಿಮ್ಮಿದ ಹಬೆ ಪುಟ್ಟ ಹುಡುಗಿಯೊಬ್ಬಳ ಕಾಲು ಸುಟ್ಟಿತು. ಡಿಸ್ನಿ ರೈಲು ನಿಲ್ಲಿಸಿದರು. ಎಂಜಿನ್ ಉಗ್ರಾಣ ಸೇರಿತು.

ಎರಡು ವರ್ಷದ ಬಳಿಕ, 1955ರ ಜುಲೈ 17ರಂದು, ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅದರ ಸುತ್ತ ಓಡಿದ ಮೊದಲ ಎರಡು ಎಂಜಿನ್‌ಗಳಿಗೆ ಲಿಲ್ಲಿ ಬೆಲ್‌ನ ನಕ್ಷೆಯನ್ನೇ ದೊಡ್ಡದು ಮಾಡಿಕೊಂಡಿದ್ದರು. ಹಳಿಯ ಅಗಲ ಈ ಸಲ ಮೂರು ಅಡಿ. ಡ್ರೈವರ್ ಎಂಜಿನ್ನಿನ ಒಳಗೇ ನಿಂತ, ಜನ ಡಬ್ಬಿಯ ಒಳಗೆ ಕೂತರು. ಗಿಡಗಳನ್ನು ಎವಾನ್ಸ್ ಸೋದರರೇ ನೋಡಿಕೊಂಡರು.